ನಲವತ್ತೆಂಟು ನೀರು

ನಮ್ಮ ಮನೆಗೂ ವಾಸುದೇವ ಮಾಸ್ತರರ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಈ ಕಡೆ ನನ್ನ ಗಂಡ ಹುಲ್ಲಪ್ಪನ ಮಗ್ಗ, ಆ ಕಡೆ ಅವರ ಬಚ್ಚಲು. ಇಳಕಲ್ಲಿನ ನಮ್ಮ ಓಣಿಯಲ್ಲಿ ಆಗ ಇದ್ದವೆಲ್ಲ ಕುಣಿಮಗ್ಗಗಳೇ. ನೆಲದಲ್ಲಿ ಕುಣಿ ತೋಡಿ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂಡುತ್ತಿದ್ದರು. ನಮ್ಮ ಲಾಳಿಯ ಸಪ್ಪಳ ಅವರಿಗೆ ಕೇಳುತ್ತಿತ್ತು, ಅವರ ಬಚ್ಚಲಲ್ಲಿ ತಂಬಿಗೆ ಬಿದ್ದರೆ ನಮಗೆ ಕೇಳುತ್ತಿತ್ತು. ಹದಿನೆಂಟು ವರ್ಷ ಹಾಗೆಯೇ ಕಳೆದಿದ್ದವು. ಆದರೆ ಆ ಬಚ್ಚಲಿನ ಹೊಸ್ತಿಲನ್ನು ನಾನು ಒಮ್ಮೆಯೂ ದಾಟಿರಲಿಲ್ಲ. ಮಡಿಯ ಮನೆ. ದಾಟಬೇಕೆಂದು ನನಗೂ ಅನ್ನಿಸಿರಲಿಲ್ಲ, ದಾಟು ಎಂದು ಅವರೂ ಕರೆದಿರಲಿಲ್ಲ.

ಐವತ್ತನಾಲ್ಕನೆಯ ಇಸವಿ, ದೀಪಾವಳಿ ಮುಗಿದು ಚಳಿ ಹಿಡಿದ ದಿನಗಳು. ಮಾಸ್ತರರ ತಾಯಿ ತುಳಸೀಬಾಯಿಯವರಿಗೆ ಅರವತ್ತು ದಾಟಿತ್ತು. ಬಲಗಾಲಿನ ಮೊಣಕಾಲು ಹಿಡಿದುಕೊಂಡು ಒಂದು ವರ್ಷವಾಗಿತ್ತು. ನಿಲ್ಲುತ್ತಿದ್ದರು, ಗೋಡೆ ಹಿಡಿದು ನಡೆಯುತ್ತಿದ್ದರು. ನೆಲಕ್ಕೆ ಕೂಡುವುದು ಮಾತ್ರ ಆಗುತ್ತಿರಲಿಲ್ಲ. ಮನೆಯವರೆಲ್ಲ ಮಣೆ ಹಾಕಿಕೊಂಡು ಊಟಕ್ಕೆ ಕುಳಿತರೆ, ಇವರು ಪಡಸಾಲೆಯ ಕಟ್ಟೆಯ ಮೇಲೆ ಕಾಲು ನೀಡಿಕೊಂಡು, ತೊಡೆಯ ಮೇಲೆ ತಾಟು ಇಟ್ಟುಕೊಂಡು ಉಣ್ಣಬೇಕು.

"ದಾರ್ಯಾಗ ಕೂತು ಉಣ್ಣೋ ಪರದೇಶಿ ಆಗೇನಿ ನೋಡು, ಶಾರವ್ವಾ," ಎಂದು ಹಿತ್ತಲ ಬೇಲಿಯ ಹತ್ತಿರ ನಿಂತು ನನಗೆ ಹೇಳುತ್ತಿದ್ದರು. "ಬೀಸೋಕಲ್ಲು ಕಂಡರ ಕಣ್ಣಾಗ ನೀರು ಬರತದ. ಬೀಸೂವಾಗ ಬೇಜಾರ ಆಗತಿತ್ತು, ಈಗ ಬೀಸಲಾರದ ಬೇಜಾರ."

ಬಾದಾಮಿಯ ವೈದ್ಯರೊಬ್ಬರು ಒಂದು ಉಪಾಯ ಹೇಳಿದರು. ಲಕ್ಕಿ ಗಿಡದ ತಪ್ಪಲು, ಎಂದರೆ ಎಲೆ, ಹಾಕಿದ ಬಿಸಿನೀರಿನಲ್ಲಿ ಸೊಂಟದ ತನಕ ಮುಳುಗಿ ದಿನಾ ಬೆಳಿಗ್ಗೆ ಒಂದು ತಾಸು ಕೂಡಬೇಕು. ತಾಸು ಮುಗಿಯುವ ತನಕ ನೀರು ಆರಬಾರದು; ಆರಿದರೆ ಬಿಟ್ಟ ನರ ಮತ್ತೆ ಹಿಡಿಯುತ್ತದೆ. ನಲವತ್ತೆಂಟು ದಿನ ಬಿಡದೆ ಮಾಡಬೇಕು. ನಡುವೆ ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು.

"ಒಂದ ಸಲ ಮಾಡತೇನಿ," ಎಂದರು ತುಳಸೀಬಾಯಿ. "ತಪ್ಪಿತಂದ್ರ ಎರಡನೇ ಸಲ ನನ್ನ ಕೈಲೆ ಆಗೂದಿಲ್ಲ. ಹಿಂಗ ನಿಂತಗೊಂಡ ಇರತೇನಿ, ನಿಂತಗೊಂಡ ಹೋಗತೇನಿ."

ಅವರು ಆಡಿದರೆ ಆಡಿದ ಹಾಗೆಯೇ. ಅದು ಮನೆಯವರಿಗೆಲ್ಲ ಗೊತ್ತಿತ್ತು.

ಗಣಿಯ ಚಂದಪ್ಪನಿಂದ ಕೆಂಪು ಕಲ್ಲಿನ ದೋಣಿ ಮಾಡಿಸಿದರು. ದನಗಳಿಗೆ ನೀರಿಡುವ ದೋಣಿಯ ಹಾಗೆಯೇ, ಆದರೆ ಆಳವಾದದ್ದು. ಕೂಡಲು ಒಳಗೆ ಒಂದು ಕಲ್ಲಿನ ಮೆಟ್ಟಿಲು. ಎತ್ತಿನ ಬಂಡಿಯಲ್ಲಿ ತಂದು ಇಳಿಸಿದ ದಿನ ಓಣಿಯೇ ನಿಂತು ನೋಡಿತು.

"ಬಾಯಾರ, ಗಟ್ಟಿ ಕಲ್ಲರಿ ಇದು. ಮುಂದ ನಿಮ್ಮ ಮರಿಮಕ್ಕಳು ಇದಕ್ಕ ಎಮ್ಮಿ ಕಟ್ಟಿದರೂ ಸವಿಯೂದಿಲ್ಲ," ಎಂದ ಚಂದಪ್ಪ, ಬೆವರು ಒರೆಸಿಕೊಳ್ಳುತ್ತ.

"ಎಮ್ಮಿಕಿಂತ ಮದಲ ನಾ ಇಳಿತೇನಲ್ಲಪಾ, ಕಲ್ಲಿಗೆ ರೂಢಿ ಆಗಲಿ," ಎಂದರು ತುಳಸೀಬಾಯಿ.

ಬಚ್ಚಲಿನ ಹಿಂದೆ ಹಿತ್ತಲಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ದೊಡ್ಡ ಹಂಡೆ. ಹಂಡೆಯ ಬುಡದಿಂದ ಒಂದು ಕೊಳವೆ, ನಮ್ಮ ಗೋಡೆ ಕೂಡುವ ಮೂಲೆಯಲ್ಲಿ, ಬಚ್ಚಲಿನ ಹಿಂದಿನ ಗೋಡೆಯೊಳಗೆ ಹೊಕ್ಕಿತ್ತು. ಬಚ್ಚಲಿನ ಒಳಗಿನಿಂದ ಹಿತ್ತಾಳೆಯ ನಳದ ಉದ್ದ ಬಾಲವನ್ನು ಒಳಗೆ ತೂರಿಸಿ, ಗೋಡೆಯ ನಡುವೆಯೇ ಕೊಳವೆಯ ಬಾಯಿಗೆ ತಿರುವಿ ಕೂಡಿಸಿತ್ತು. ನಳದ ಮೂತಿ ದೋಣಿಯ ಮೇಲೆ ಚಾಚಿಕೊಂಡಿತ್ತು. ಇದನ್ನೆಲ್ಲ ಕೂಡಿಸಿ ಕೊಟ್ಟವನು ಬಜಾರದಲ್ಲಿ ತಾಮ್ರದ ಕೆಲಸ, ಕಲಾಯಿ ಕೆಲಸ ಮಾಡುವ ರಾಜಮಹ್ಮದ. ದೋಣಿಯಲ್ಲಿ ಕುಳಿತ ತುಳಸೀಬಾಯಿ ನೀರು ಆರಿತು ಅನ್ನಿಸಿದಾಗ ತಾವೇ ಕೈ ಚಾಚಿ ನಳ ತಿರುವಿ ಬಿಸಿನೀರು ಬಿಟ್ಟುಕೊಳ್ಳುತ್ತಿದ್ದರು. ಇನ್ನೊಬ್ಬರು ಒಳಗೆ ಹೋಗಬೇಕಾಗಿರಲಿಲ್ಲ.

ಇಪ್ಪತ್ತು ದಿನ ಎಲ್ಲ ಸರಿಯಾಗಿ ನಡೆಯಿತು. ಮೊಣಕಾಲು ಸ್ವಲ್ಪ ಸ್ವಲ್ಪವೇ ಬಗ್ಗತೊಡಗಿತು. "ಇವತ್ತ ನಾಲ್ಕ ಬೆರಳು," ಎಂದು ಬೇಲಿಯ ಹತ್ತಿರ ಬಂದು ನನಗೆ ತೋರಿಸುತ್ತಿದ್ದರು. ಇಪ್ಪತ್ತನೆಯ ದಿನ ನಳದ ಹಿಡಿಕೆ ಮುರಿದು ಅವರ ಕೈಯಲ್ಲೇ ಬಂತು.

ರಾಜಮಹ್ಮದನನ್ನು ಕರೆಸಿ ಎಂದು ಸೊಸೆ ಸುಲಭಾ ಹೇಳಿದಳು. ಮಾಸ್ತರರು ಕೇಳಲಿಲ್ಲ. "ಇಷ್ಟಕ್ಕ ಅಂವಾ ಯಾಕ? ತಿರುವಿ ತಗಿಯೂದು, ತಿರುವಿ ಹಾಕೂದು. ಇದೇನು ವಿದ್ಯಾ?" ಎಂದರು. ಅವತ್ತೇ ಸಾಲಿಯ ಕೆಲಸಕ್ಕೆ ಬಾಗಲಕೋಟೆಗೆ ಹೋದವರು ಬರುವಾಗ ಹೊಸ ನಳ ತಂದರು. ಅದರ ಬಾಲ, ತಿರುಪಿನ ಸುತ್ತು ಎಲ್ಲ ಹಳೆಯದಕ್ಕೆ ಸರಿಹೊಂದಿತು. ಆ ಸಂಜೆ ನಮ್ಮ ಮನೆಯ ಬಾಗಿಲಿಗೆ ಬಂದು, "ಹುಲ್ಲಪ್ಪಾ, ಸೆರಗಿನ ರೇಷ್ಮಿ ಒಂದೀಟು ತುಂಡು ಇದ್ದರ ಕೊಡಪಾ. ಸಣ್ಣ ಕೆಲಸ ಅದ," ಎಂದು ಕೇಳಿದರು. ಏನೋ ವ್ರತದ ದಾರ ಇರಬೇಕು ಎಂದುಕೊಂಡು ಹುಲ್ಲಪ್ಪ ಕೆಂಪು ರೇಷ್ಮೆಯ ಒಂದು ಗೊಂಚಲು ಕೊಟ್ಟ.

ಹೊಸ ನಳ ಕೂತಿತು. ಮಾಸ್ತರರು ತಣ್ಣೀರು ಬಿಟ್ಟು ನೋಡಿದರು. ಒಂದು ಹನಿಯೂ ಸೋರಲಿಲ್ಲ. ಎರಡು ದಿನ ಅವರು ಬಹಳ ಹುರುಪಿನಿಂದ ಓಡಾಡಿದರು.

ಆಮೇಲೆ ಗೋಡೆಯ ಆಚೆಯಿಂದ ಬೇರೆ ಮಾತು ಕೇಳತೊಡಗಿತು.

"ಸುಲಭಾ, ಹಂಡೆ ತುಂಬಿಸಿದ್ದಿ?"

"ಕಂಠದ ಮಟ ತುಂಬಿಸೇನ್ರಿ, ಅತ್ಯಾ."

"ತುಂಬಿಸಿದರ ಅರ್ಧ ತಾಸಿಗೆ ಹೆಂಗ ಮುಗೀತದ? ಕಟಗಿ ಉಳಸ್ಬೇಕಂತ ನೀರು ಕಡಿಮಿ ಹಾಕಬ್ಯಾಡವಾ. ನಾ ಏನು ದಿನಾ ಸಾಯೂತನಕ ಕೂಡಾಕಿ ಅಲ್ಲ, ನಲವತ್ತೆಂಟ ದಿನ."

ಸುಲಭಾ ಎದುರಾಡುವ ಹುಡುಗಿ ಅಲ್ಲ. ಆದರೆ ಬಾವಿಯ ಹತ್ತಿರ ನನ್ನನ್ನು ಕಂಡಾಗ ಕೊಡ ಇಳಿಸಿ ನಿಂತಳು. "ಹದಿನಾರು ಕೊಡ ನೀರು ಹಾಕತೇನಿ ಶಾರವ್ವಾ, ಎಣಿಸಿ ಹಾಕತೇನಿ. ಎಲ್ಲಿ ಹೋಗತದೋ ಆ ನೀರಿಗೇ ಗೊತ್ತು. ನಮ್ಮನಿಯವರಿಗೆ ಕೇಳಿದರ ನಳ ಒಣಾ ಅದ ಅಂತಾರ. ನಾನೂ ನೋಡೇನಿ, ಒಣಾನ ಅದ."

ದಿನಾ ಅರ್ಧ ತಾಸಿಗೆ ಬಿಸಿನೀರು ಮುಗಿಯುತ್ತಿತ್ತು. ಉಳಿದ ಅರ್ಧ ತಾಸು ತುಳಸೀಬಾಯಿ ಆರುವ ನೀರಿನಲ್ಲಿಯೇ ಹಟ ಮಾಡಿ ಕೂಡುತ್ತಿದ್ದರು. ನಾಲ್ಕು ಬೆರಳು ಬಗ್ಗಿದ್ದ ಮೊಣಕಾಲು ಮತ್ತೆ ಮೂರಕ್ಕೆ ಬಂತು, ಎರಡಕ್ಕೆ ಬಂತು. ಬೇಲಿಯ ಹತ್ತಿರ ಬರುವುದನ್ನು ಬಿಟ್ಟರು.

ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ನಾನು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದೆ. ಮಗ್ಗದಲ್ಲಿ ಕುಳಿತ ಹುಲ್ಲಪ್ಪ ಒಬ್ಬನೇ ನಗುತ್ತಿದ್ದ.

"ಏನ್ ನಗತೀರಿ?" ಎಂದೆ.

"ಏನಿಲ್ಲ. ಎಂಟ ದಿನಾತು, ಹೊತ್ತ ಏರಿತಂದ್ರ ಕುಣ್ಯಾಗ ಕಾಲಿಗೆ ಬೆಚ್ಚಗ ಆಗತೈತಿ. ಇಷ್ಟ ವರ್ಷ ಚಳ್ಯಾಗ ಕಾಲು ಜೋಮು ಹಿಡೀತಿತ್ತು. ಈ ವರ್ಷ ಭೂಮಿತಾಯಿ ಕಾಲ ಒತ್ತಾಕ ಹತ್ಯಾಳ."

"ಎಂಟ ದಿನದಿಂದ ಬೆಚ್ಚಗ ಆಗಾಕ ಹತ್ತಿದ್ದು ಈಗ ಹೇಳತೀರಿ?"

"ಹೇಳಿದರ ನೀ ಬಂದ್ ಮಾಡ್ತಿ ಅಂತ ಗೊತ್ತಿತ್ತು."

ನಾನು ಕಂಡಿಕೆ ಬದಿಗಿಟ್ಟು ಕುಣಿಯೊಳಗೆ ಬಗ್ಗಿ ನೋಡಿದೆ. ಮೂಲೆಯ ಮಣ್ಣು ಒದ್ದೆಯಾಗಿತ್ತು. ಕೈ ಇಟ್ಟರೆ ಉಗುರುಬೆಚ್ಚಗೆ. ಗೋಡೆಯ ಬುಡದ ಒಂದು ಬಿರುಕಿನಿಂದ ನೀರು ಜಿನುಗುತ್ತಿತ್ತು, ಕಣ್ಣಿಗೆ ಕಾಣದಷ್ಟು ಮೆಲ್ಲಗೆ. ಅದಕ್ಕಿಂತ ವಿಚಿತ್ರವೆಂದರೆ ಇರುವೆ. ಕೆಂಪು ಇರುವೆಗಳ ಒಂದು ಸಾಲು ಅದೇ ಬಿರುಕಿನೊಳಗೆ ಹೋಗುತ್ತಿತ್ತು, ಇನ್ನೊಂದು ಸಾಲು ಬರುತ್ತಿತ್ತು, ಪಂಕ್ತಿಯ ಊಟಕ್ಕೆ ಕರೆದ ಹಾಗೆ. ಬರೀ ನೀರಿಗೆ ಇರುವೆ ಹೀಗೆ ಬರುವುದನ್ನು ನಾನು ಕಂಡಿಲ್ಲ. ಒದ್ದೆ ಮಣ್ಣು ಮುಟ್ಟಿ ಬೆರಳು ಮೂಸಿದೆ. ಹುಲ್ಲಪ್ಪನ ಮೂಗಿಗೂ ಹಿಡಿದೆ.

"ಹೋಳಿಗಿ ಊಟದ ವಾಸನಿ ಬರತೈತಲ್ಲಲೇ," ಎಂದ.

ಮಾಸ್ತರರು ಸಾಲಿಯಿಂದ ಬರುವ ತನಕ ತಡೆದೆ. ಮಧ್ಯಾಹ್ನ ಅವರ ಹಿತ್ತಲಿಗೆ ಹೋಗಿ, ಬಚ್ಚಲಿನ ಹೊಸ್ತಿಲಿನಿಂದ ದೂರವೇ ನಿಂತು ಹೇಳಿದೆ, "ಮಾಸ್ತರ್ರೀ, ನಿಮ್ಮ ಬಚ್ಚಲ ನೀರು ನಮ್ಮ ಮಗ್ಗದ ಕುಣಿಗೆ ಬರಾಕ ಹತ್ತೈತ್ರಿ. ನಳ ಒಳಗ ಸೋರತೈತೇನೋ."

ಅವರ ಮುಖ ಗಂಟಾಯಿತು. "ನಳಾ ನಾನು ನಾಲ್ಕು ಸಲ ನೋಡೇನಿ, ಶಾರವ್ವಾ. ಬಾ, ನಿನ್ನ ಎದುರಿಗೇ ನೋಡತೇನಿ." ಎರಡು ಕೊಡ ತಣ್ಣೀರು ಸೇದಿ ಹಂಡೆಗೆ ಸುರಿದರು. ಒಳಗೆ ಹೋಗಿ ನಳ ತಿರುವಿದರು, ನಿಲ್ಲಿಸಿದರು. ಗೋಡೆಗೆ ಕೈ ಒತ್ತಿ ಹಿಡಿದರು. "ನೋಡು. ಎಲ್ಲಿ ಸೋರತದ?"

"ಬಿಸಿನೀರು ಬಿಟ್ಟ ನೋಡಿರೇನ್ರಿ?"

"ನೀರಂದ್ರ ನೀರು. ತಣ್ಣೀರು ದಾಟಲಾರದ ಸಂದಿ ಬಿಸಿನೀರು ದಾಟತದೇನು?"

ನನಗೆ ಗೊತ್ತಿದ್ದನ್ನು ಹೇಳಿದೆ. "ಇರುವಿ ಬಂದಾವ್ರಿ."

"ಇರುವಿ?"

"ಸಾಲ ಹಚ್ಚ್ಯಾವ್ರಿ."

"ನೀರಿಗೆ ಇರುವಿ ಯಾಕ ಬರತಾವ?"

"ಅದನ್ನ ಕೇಳಾಕ ಬಂದೇನ್ರಿ."

ಮಾಸ್ತರರು ಗೋಡೆಯಿಂದ ಕೈ ತೆಗೆದು ಧೋತರದ ಚುಂಗಿಗೆ ಒರೆಸಿಕೊಂಡರು. ಪಡಸಾಲೆಯ ಕಟ್ಟೆಯ ಮೇಲೆ ಕುಳಿತಿದ್ದ ತುಳಸೀಬಾಯಿಗೆ ನಮ್ಮ ಮಾತೆಲ್ಲ ಕೇಳಿಸಿತ್ತು.

"ವಾಸೂ," ಎಂದರು. "ನಳಕ್ಕ ಏನ್ ಹಚ್ಚಿ ಕೂಡಿಸೀದಿ?"

"ರೇಷ್ಮಿ ಸುತ್ತೇನಿ."

"ರೇಷ್ಮಿಗೆ ಇರುವಿ ಬರೂದಿಲ್ಲ. ಮ್ಯಾಲೇನ್ ಹಚ್ಚೀದಿ?"

ಮಾಸ್ತರರು ಹೇಳಿದರು, "ತುಪ್ಪ."

ಅಡುಗೆಮನೆಯಲ್ಲಿ ಸುಲಭಾಳ ಕೈಯಿಂದ ಏನೋ ಬಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಬಾಗಿಲಿಗೆ ಬಂದಳು. "ದೇವರ ದೀಪದ ತುಪ್ಪ ಅರ್ಧಕ್ಕರ್ಧ ಎಲ್ಲಿ ಹೋತಂತ ನಾ ಎಂಟ ದಿನದಿಂದ ಹುಡುಕಲಿಕ್ಕೆ ಹತ್ತೇನಿ! ಬೆಕ್ಕಿಗೆ ಎರಡ ಸಲ ಹೊಡದೇನಿ!"

ಆಗ ನನಗೂ ತಿಳಿಯಿತು. ಚಳಿಗೆ ತುಪ್ಪ ಹರಳುಗಟ್ಟಿ ಕಲ್ಲಾಗುತ್ತದೆ. ಮಾಸ್ತರರು ಸಾಲಿ ಬಿಟ್ಟು ಬಂದು ತಣ್ಣೀರು ಹಾಕಿ ನೋಡುವ ಹೊತ್ತಿಗೆ ಸಂದಿ ಗಟ್ಟಿಯಾಗಿ ಮುಚ್ಚಿರುತ್ತಿತ್ತು. ಬೆಳಿಗ್ಗೆ ತುಳಸೀಬಾಯಿ ಒಳಗೆ ಕುಳಿತು ಬಿಸಿನೀರು ತಿರುವಿದ ಕೂಡಲೆ ಅದು ಕರಗಿ ದಾರಿ ಬಿಡುತ್ತಿತ್ತು. ಆ ಹೊತ್ತಿನಲ್ಲಿ ಬಚ್ಚಲಿಗೆ ಯಾರೂ ಹೋಗುವಂತಿರಲಿಲ್ಲ. ಹೋದರೂ ಕಾಣುತ್ತಿರಲಿಲ್ಲ, ಸೋರಿದ್ದೆಲ್ಲ ಗೋಡೆಯ ನಡುವೆಯೇ ಇಳಿದು ನಮ್ಮ ಕುಣಿಗೆ ಬರುತ್ತಿತ್ತು.

"ಯಾಕಪಾ ತುಪ್ಪ?" ಎಂದು ತುಳಸೀಬಾಯಿ ಕೇಳಿದರು. ಅವರು ನಗುತ್ತಿರಲಿಲ್ಲ.

"ಹಳೇ ನಳ ತಗದಾಗ ಒಳಗ ಕರ್ರಗ ಜಿಗಟಿತ್ತು, ಅವ್ವಾ. ಭಾಳ ಕೆಟ್ಟ ವಾಸನಿ. ಕೊಬ್ಬು ಅನಿಸ್ತು." ಮಾಸ್ತರರು ದನಿ ಇಳಿಸಿದರು. "ಇಪ್ಪತ್ತು ದಿನಾ ನೀ ಅದೇ ನೀರಾಗ ಕೂತೀದಿ. ನಿನಗ ಹೇಳಿದರ ನೀ ದೋಣ್ಯಾಗ ಮತ್ತ ಇಳಿತಿದ್ದಿಲ್ಲ. ಅದಕ್ಕ ಯಾರಿಗೂ ಹೇಳಲಿಲ್ಲ. ರೇಷ್ಮಿ ಮಡಿ, ತುಪ್ಪ ಮಡಿ, ಎರಡೂ ಕೂಡಿಸಿದೆ."

"ರಾಜಮಹ್ಮದನ್ನ ಕೇಳಿದೇನು?"

"ಹೆಂಗ ಕೇಳಲಿ?"

"ಬಾಯಿಲೆ," ಎಂದರು ತುಳಸೀಬಾಯಿ. ಆಮೇಲೆ ಸೊಸೆಯ ಕಡೆ ತಿರುಗಿದರು. "ಸುಲಭಾ, ಕಟಗಿ ಸಲುವಾಗಿ ನಾ ಅಂದದ್ದು ಹೊಟ್ಟ್ಯಾಗ ಹಾಕ್ಕೋ."

"ಹಾಕ್ಕೊಂಡೇನ್ರಿ, ಅತ್ಯಾ. ತುಪ್ಪ ಹಚಗೊಂಡ ಹಾಕ್ಕೊಂಡೇನಿ."

ಸಂಜೆ ಹೊತ್ತಿರುವಾಗಲೇ ರಾಜಮಹ್ಮದ ಬಂದ. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಕೈಯೆಲ್ಲ ಕಲಾಯಿಯ ಕಪ್ಪು. ಬಚ್ಚಲಿನ ಬಾಗಿಲ ಹೊರಗೇ ನಿಂತ. "ಒಳಗ ಬಾರಪಾ, ಅಲ್ಲೆ ನಿಂತ ಹೆಂಗ ತಿರುವ್ತಿ?" ಎಂದು ತುಳಸೀಬಾಯಿ ಕರೆದ ಮೇಲೆ ಕಾಲು ತೊಳೆದುಕೊಂಡು ಹೋದ. ನನ್ನನ್ನು ದೀಪ ಹಿಡಿಯಲು ಹಿತ್ತಲ ಕಡೆ ಹೊಸ್ತಿಲಿನ ಹೊರಗೆ ನಿಲ್ಲಿಸಿದರು. ಗೋಡೆಯೊಳಗಿನ ಸಂದಿ ಅಲ್ಲಿಂದ ಸ್ವಲ್ಪ ಕಾಣುತ್ತಿತ್ತು.

ಹಂಡೆ ಬರಿದು ಮಾಡಿ ನಳ ತಿರುವಿ ತೆಗೆದ. ಬಾಲಕ್ಕೆ ಕೆಂಪು ರೇಷ್ಮೆ ಚೆಂದವಾಗಿ, ಒತ್ತಾಗಿ ಸುತ್ತಿತ್ತು. ಅದನ್ನು ಬೆರಳಿನಿಂದ ಎಳೆದು ನೋಡಿದ, ಮೂಸಿದ.

"ಮಾಸ್ತರ್ರಾ, ಯಾರಿಗರೆ ಮದಿವಿ ಇತ್ತೇನ್ರಿ? ನಳಕ್ಕ ಇಳಕಲ್ ಸೀರಿ ಉಡಿಸೀರಲ್ಲ!"

ರೇಷ್ಮೆಯ ಎಳೆ ಬಿಚ್ಚುತ್ತ ರಾಜಮಹ್ಮದ ತಾನೇ ಹೇಳಿದ, "ರೇಷ್ಮಿ ಚಲೋದು ಖರೆ. ಆದರ ಅದು ನೀರು ಕುಡ್ಯೂದಿಲ್ರಿ. ಇಲ್ಲಿ ನಾರು ಬೇಕು. ನಾರು ನೀರು ಕುಡದು ಉಬ್ಬತೈತಿ, ಉಬ್ಬಿ ಸಂದಿ ಮುಚ್ಚತೈತಿ. ನಾ ಹಚ್ಚಿದ್ದು ಚಲೋತಂಗ ಇತ್ತಲ್ರಿ, ಅದನ್ಯಾಕ ಕೆರದ ತಗದ್ರಿ?"

ಮಾಸ್ತರರು ತಾಯಿಯ ಕಡೆ ನೋಡಿದರು. ತುಳಸೀಬಾಯಿ ಬೇರೆ ಕಡೆ ನೋಡಿದರು. ಹೇಳಬೇಕಾದವನು ನೀನೇ ಎಂಬಂತೆ.

"ಅದರಾಗ... ಅದು ಕೊಬ್ಬು ಅನಿಸ್ತು, ರಾಜಮಹ್ಮದ," ಎಂದರು ಮಾಸ್ತರರು.

ರಾಜಮಹ್ಮದನ ಕೈ ನಿಂತಿತು. ದೀಪದ ಬೆಳಕು ಅವನ ಮುಖದ ಮೇಲಿತ್ತು. ಸಿಟ್ಟು ಬರಲಿಲ್ಲ, ಆದರೆ ನಗು ಹೋಯಿತು.

"ನಿಮ್ಮ ಅಡಗಿಮನಿ ಪಾತೇಲಿಗೆ ನಮ್ಮಪ್ಪ ಕಲಾಯಿ ಮಾಡ್ಯಾನ, ನಾ ಮಾಡೇನಿ. ಅದರಾಗ ಸಾರು ಕುದಸ್ತೀರಿ, ದೇವರಿಗೆ ನೈವೇದ್ಯ ಹಿಡೀತೀರಿ. ಬಾಯಾರ ಕೂಡೂ ನೀರಿಗೆ ನಾ ಕೊಬ್ಬು ಹಚ್ಚತೇನೇನ್ರಿ?"

ಅವನು ತನ್ನ ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದು ಬೂಚು ಬಿಚ್ಚಿ ಮಾಸ್ತರರ ಮೂಗಿನ ಹತ್ತಿರ ಹಿಡಿದ.

"ಇದರ ವಾಸನಿ ಹೌದಲ್ರಿ?"

ಮಾಸ್ತರರು ತಲೆಯಾಡಿಸಿದರು.

"ಅಗಸಿ ಎಣ್ಣಿರಿ. ನೀವು ದಿನಾ ರೊಟ್ಟಿಗೆ ಹಚಗೊಂಡ ತಿಂತೀರಲ್ಲ, ಅದ ಅಗಸಿ. ಹಳೇದಾದ್ರ ಹಿಂಗ ನಾರತೈತಿ. ಇದು ಸಫೇದಾ, ಬಣ್ಣಕ್ಕ ಕಲಸೂ ಬಿಳಿ ಪುಡಿ. ಇದು ಪುಂಡಿ ನಾರು, ನಿಮ್ಮ ಪುಂಡಿಪಲ್ಲೆದ ಕಟ್ಟಿಗಿಂದು. ಎಲ್ಲಾ ಹೊಲದಾಗ ಬೆಳದದ್ದು, ಬಿಟ್ಟರ ಅಂಗಡ್ಯಾಗಿಂದು."

ಮಾಸ್ತರರು ಬಗ್ಗಿ ಕುಳಿತು, ಪುಂಡಿ ನಾರಿನ ಸಿಕ್ಕನ್ನು ತಾವೇ ಬಿಡಿಸತೊಡಗಿದರು. ರಾಜಮಹ್ಮದ ಎಣ್ಣೆಯಲ್ಲಿ ಪುಡಿ ಕಲಸಿದ. ಒಬ್ಬರು ಬಿಡಿಸಿ ಕೊಟ್ಟರು, ಒಬ್ಬರು ಸುತ್ತಿದರು. "ಅಷ್ಟ ಸಣ್ಣಗ ಬ್ಯಾಡ್ರಿ, ಪರೀಕ್ಷಾ ಅಲ್ಲಿದು," ಎಂದು ರಾಜಮಹ್ಮದ ಅಂದಾಗ ಮಾಸ್ತರರು ಮೊದಲ ಸಲ ನಕ್ಕರು. "ನನ್ನದು ತಪ್ಪಾತಪಾ," ಎಂದು ಆ ನಗುವಿನಲ್ಲಿಯೇ ಹೇಳಿದರು. "ಆತು ಬಿಡ್ರಿ. ಆ ಕಡೆ ಗಟ್ಟಿ ಹಿಡೀರಿ," ಎಂದ ಅವನು.

ನಳ ಕೂತಿತು. ಹಂಡೆಯ ಒಳಗಿನ ತೂತಿಗೆ ರಾಜಮಹ್ಮದ ಅರಿವೆ ಸುತ್ತಿದ ಕಟ್ಟಿಗೆಯ ಬೆಣೆ ಬಡಿದ. "ಎರಡು ದಿನ ಇದಕ್ಕ ಬಿಸಿನೀರು ತಾಕಬಾರದ್ರಿ. ಎಣ್ಣಿ ಗಟ್ಟಿ ಆಗಬೇಕು. ಮೂರನೇ ದಿನ ಬೆಣಿ ತಗೀರಿ. ಆಮ್ಯಾಲ ಗೋಡಿ ಬಿದ್ದರೂ ಇದು ಸೋರೂದಿಲ್ಲ."

"ಎರಡು ದಿನಾ?" ಎಂದರು ತುಳಸೀಬಾಯಿ. "ನಾಳೆ ನನ್ನದು ಮೂವತ್ತನೇ ನೀರು."

"ಹಂಡೇದಾಗ ಕಾಸಿ, ಕೊಡದಾಗ ತುಂಬಿ, ಯಾರರೆ ಹೊತ್ತ ಹಾಕಿದರಾತಲ್ರಿ, ಬಾಯಾರ," ಎಂದು ರಾಜಮಹ್ಮದ ಚೀಲ ಕಟ್ಟಿಕೊಂಡು ಹೋದ. ಅವನಿಗೆ ಅದು ಸಣ್ಣ ಮಾತು.

ಸುಲಭಾ ಹಾಕುತ್ತಾಳೆ ಎಂದು ಎಲ್ಲರೂ ಅಂದುಕೊಂಡೆವು. ದೀಪ ಹಚ್ಚುವ ಹೊತ್ತಿಗೆ ಸುಲಭಾ ಹಿತ್ತಲ ಪಡಸಾಲೆಯಲ್ಲಿ ಕಂಬಳಿ ಹಾಕಿಕೊಂಡು ಬೇರೆ ಕುಳಿತಳು. ತಿಂಗಳ ಮೂರು ದಿನ. ಏನನ್ನೂ ಮುಟ್ಟುವಂತಿಲ್ಲ. ಮುಖ ಸಣ್ಣದು ಮಾಡಿಕೊಂಡು, "ಎರಡ ದಿನ ತಡದ ಬರಬಾರದಿತ್ತೇನು," ಎಂದು ತನ್ನನ್ನೇ ಬೈದುಕೊಂಡಳು. ಓಣಿಯಲ್ಲಿದ್ದ ಅವರ ಸಂಬಂಧಿಕರು ಅನಸೂಯಾಬಾಯಿ, ಮಗಳ ಬಾಣಂತನಕ್ಕೆಂದು ಬಾಗಲಕೋಟೆಗೆ ಹೋಗಿದ್ದರು.

"ನಾ ಹಾಕತೇನಿ, ಅವ್ವಾ. ಕಣ್ಣು ಮುಚಗೊಂಡ ಹಾಕತೇನಿ," ಎಂದರು ಮಾಸ್ತರರು.

"ಮಗ ತಾಯಿಗೆ ನೀರು ಹಾಕೂದು ಒಂದ ಸಲ," ಎಂದರು ತುಳಸೀಬಾಯಿ. "ಅದಕ್ಕ ಇನ್ನೂ ಅವಸರಿಲ್ಲ. ನೀ ಬಾವ್ಯಾಗಿಂದು ಸೇದಿ ಹಂಡೆ ತುಂಬು, ಸಾಕು."

ನಾನು ಬೇಲಿಯ ಈಚೆ ನಿಂತಿದ್ದೆ. ನಾನು ಹಾಕುತ್ತೇನೆ ಎನ್ನುವುದು ನನಗೆ ಕಷ್ಟವಾಗಿರಲಿಲ್ಲ. ಆದರೆ ಹಾಗೆ ಅಂದು, ಅವರು ಬೇಡ ಎನ್ನಬೇಕಾಗಿ ಬಂದು, ಹದಿನೆಂಟು ವರ್ಷದ ಗೋಡೆ ಇಬ್ಬರ ಕಣ್ಣಿಗೂ ಬೀಳುವುದು ನನಗೆ ಬೇಕಾಗಿರಲಿಲ್ಲ. ತುಳಸೀಬಾಯಿ ಮೊಣಕಾಲು ನೀವಿಕೊಳ್ಳುತ್ತ ಕುಳಿತರು. ನಾನು ಮನೆಗೆ ಹೋಗಿ ರೊಟ್ಟಿ ಬಡಿದೆ.

ಮರುದಿನ ಬೆಳಿಗ್ಗೆ ಆ ಕಡೆಯಿಂದ ಗೋಡೆಗೆ ಬಡಿದ ಸಪ್ಪಳ ಕೇಳಿತು. ಮೂರು ಸಲ.

"ಶಾರವ್ವಾ! ಹುಲ್ಲಪ್ಪಗ ರೊಟ್ಟಿ ಕೊಟ್ಟಿದ್ದರ ಇತ್ತ ಬಾ."

ಹೋದೆ. ಹೊಸ್ತಿಲಿನ ಹತ್ತಿರ ನಿಂತೆ. ತುಳಸೀಬಾಯಿ ಹಳೆಯ ನೂಲಿನ ಸೀರೆಯಲ್ಲಿ ದೋಣಿಯೊಳಗಿನ ಕಲ್ಲಿನ ಮೇಲೆ ಆಗಲೇ ಕುಳಿತಿದ್ದರು. ಮಾಸ್ತರರು ತುಂಬಿಸಿಟ್ಟ ಹಂಡೆಯಿಂದ ಹಬೆ ಏಳುತ್ತಿತ್ತು.

"ರಾತ್ರಿ ವಿಚಾರ ಮಾಡಿದೆ," ಎಂದರು. "ಮಡಿ ಯಾವಾಗ ಸುರು ಆಗತದ ಹೇಳು? ಸ್ನಾನ ಆದ ಮ್ಯಾಲ. ಸ್ನಾನ ಆಗೂತನಕ ನಾನೂ ಮೈಲಿಗಿನ. ಈ ದೋಣಿ ನೀರು ಸ್ನಾನ ಅಲ್ಲ, ಔಷಧ. ಔಷಧ ಯಾರು ಕೊಟ್ಟರೇನು? ಇದು ಮುಗದ ಮ್ಯಾಲ ತಲಿ ಮ್ಯಾಲ ಎರಡು ತಂಬಿಗಿ ಬಾವಿ ನೀರು ನಾನ ಹಾಕ್ಕೋತೇನಿ. ಅದು ಸ್ನಾನ. ಅಲ್ಲಿಂದ ಮಡಿ. ಇದರಾಗ ಏನರೆ ತಪ್ಪ ಅದ ಏನು?"

"ನನಗೇನ್ ತಿಳೀತೈತ್ರಿ, ಬಾಯಾರ. ನೀವು ಹೇಳಿದರ ಸರಿ ಇರಬೇಕು."

"ಸರಿ ಅದನೋ ಇಲ್ಲೋ ಮ್ಯಾಲ ಹೋದಮ್ಯಾಲ ಕೇಳತೇನಿ. ಈಗ ಮೊಣಕಾಲು ಆರಲಿಕ್ಕೆ ಹತ್ಯದ, ಹಾಕು."

ನಾನು ಹೊಸ್ತಿಲು ದಾಟಿದೆ. ಕೊಡದಲ್ಲಿ ತುಂಬಿ, ದೋಣಿಯ ಅಂಚಿಗೆ ತಂದು, ಕಾಲಿನ ಮೇಲೆ ಬೀಳದ ಹಾಗೆ ಬದಿಯಿಂದ ಇಳಿಬಿಟ್ಟೆ. ಲಕ್ಕಿ ತಪ್ಪಲಿನ ಕಹಿ ವಾಸನೆ ಎದ್ದಿತು. ಪ್ರತಿ ಕೊಡಕ್ಕೂ ಅವರು "ಹೂಂ" ಅನ್ನುತ್ತಿದ್ದರು. ನಡುನಡುವೆ ಓಣಿಯ ಸುದ್ದಿ ಕೇಳಿದರು, ಬೇಲಿಯ ಹತ್ತಿರ ಕೇಳುತ್ತಿದ್ದ ಹಾಗೆಯೇ. ಒಂದು ತಾಸು ಪೂರ್ತಿ ಬಿಸಿಯಲ್ಲಿ ಕುಳಿತರು. ಹೊಸ ನಳ ಕೂತ ಮೇಲೆ ಅದು ಮೊದಲನೆಯ ಸಲ. ಎದ್ದು ಬಂದು, ನನ್ನನ್ನು ಹೊರಗೆ ಕಳಿಸಿ, ತಲೆಯ ಮೇಲೆ ಎರಡು ತಂಬಿಗೆ ಹಾಕಿಕೊಂಡದ್ದು ಕೇಳಿತು. "ಮೂವತ್ತು," ಎಂದದ್ದೂ ಕೇಳಿತು.

ಮೂವತ್ತೊಂದನೆಯ ದಿನವೂ ನಾನೇ ಹೋದೆ. ಅವತ್ತು ಚಳಿ ಹೆಚ್ಚು. ಹದಿನೆಂಟು ಕೊಡ ಹಾಕಿದೆ. ತಾಸು ಮುಗಿದು, ದೋಣಿಯ ಅಂಚು ಹಿಡಿದು ಅವರು ಹೊರಗೆ ಬಂದರು. ನಾನು ಹೊರಡಲು ತಿರುಗುವಾಗ ಅವರ ಒದ್ದೆ ಸೆರಗು ತಾಗಿ ತಂಬಿಗೆ ಉರುಳಿತು. ಉರುಳುತ್ತ ಹೋಗಿ ಮೋರಿಯ ಹತ್ತಿರ ನಿಂತಿತು.

ನಾನು ಎತ್ತಿಕೊಡಲು ಹೋಗಲಿಲ್ಲ. ಸ್ನಾನದ ತಂಬಿಗೆ, ನಾನು ಮುಟ್ಟಿದರೆ ಮತ್ತೆ ತೊಳೆಯಬೇಕು ಎಂದು ಕೈ ಹಿಂದೆ ತೆಗೆದುಕೊಂಡೆ. ತುಳಸೀಬಾಯಿ ಎರಡು ಹೆಜ್ಜೆ ಹೋದರು, ಗೋಡೆಗೆ ಒಂದು ಕೈ ಕೊಟ್ಟರು, ಕೆಳಗೆ ಕುಳಿತು ತಂಬಿಗೆ ತೆಗೆದುಕೊಂಡರು.

ತೆಗೆದುಕೊಂಡವರು ಏಳಲಿಲ್ಲ. ಕುಕ್ಕರುಗಾಲಿನಲ್ಲಿ ಹಾಗೆಯೇ ಕುಳಿತು, ಕೈಯಲ್ಲಿದ್ದ ತಂಬಿಗೆಯನ್ನು ನೋಡಿದರು, ತಮ್ಮ ಮೊಣಕಾಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಲಗಾಲು ಪೂರಾ ಮಡಚಿರಲಿಲ್ಲ, ಓರೆಯಾಗಿ ಸ್ವಲ್ಪ ಹೊರಗೆ ಚಾಚಿತ್ತು. ಆದರೆ ಕುಳಿತಿದ್ದರು. ನೆಲದ ಮೇಲೆ ಕುಳಿತಿದ್ದರು.

ಹಿತ್ತಲಿನಿಂದ ಮಾಸ್ತರರ ಕೆಮ್ಮು ಕೇಳಿತು.

"ಅವ್ವಾ, ಮುಗೀತೇನು?"

"ಮುಗೀಲಿಕ್ಕೆ ಹತ್ಯದ," ಎಂದರು ತುಳಸೀಬಾಯಿ. ನನ್ನ ಕಡೆ ಬೆರಳು ಮಾಡಿ, ದನಿ ತೀರಾ ಇಳಿಸಿ ಹೇಳಿದರು, "ಬಾಯಿ ಬಿಟ್ಟೀ ಜ್ವಾಕಿ. ಇವನಿಗೆ ಗೊತ್ತಾತಂದ್ರ ಅವ್ವ ಆರಾಮಾದಳು ಅಂತ ಒಲಿ ಆರಸ್ತಾನ. ಇನ್ನೂ ಹದಿನೇಳು ಅವ. ಅರ್ಧಾ ಬಿಟ್ಟರ ವೈದ್ಯರು ಹೇಳಿದ್ದು ಸುಳ್ಳಾಗತದ, ನಾ ಆಡಿದ್ದೂ ಸುಳ್ಳಾಗತದ."

"ಹೂಂರಿ."

"ಈಗ ಏಳೋದು ಹೆಂಗ? ಕೂತದ್ದು ಗೊತ್ತಾಗಲಿಲ್ಲ, ಏಳೋದು ಗೊತ್ತಾಗವಲ್ಲದು."

ನಾನು ಕೈ ಚಾಚಲೋ ಬೇಡವೋ ಎಂದು ನಿಂತೆ.

"ಹಿಡಿಯವಾ," ಎಂದರು. "ಇನ್ನೂ ಎರಡು ತಂಬಿಗಿ ಆಗಿಲ್ಲಲ್ಲ. ಹಿಡಿ."

ಅವರ ಕೈ ಹಿಡಿದೆ. ನೀರಿನಲ್ಲಿ ನೆನೆದು ನೆನೆದು ಸುಕ್ಕಾಗಿದ್ದ ಕೈ, ಬಿಸಿಯಾಗಿತ್ತು. ಭಾರ ನನ್ನ ಮೇಲೆ ಬಿಟ್ಟು, ಮೆಲ್ಲಗೆ, ಒಂದೊಂದೇ ಬೆರಳಿನಷ್ಟು ಎದ್ದರು.

ಮರುದಿನ ರಾಜಮಹ್ಮದನೇ ಬಂದು ಬೆಣೆ ತೆಗೆದ. ಕುದಿಯುವ ನೀರು ಬಿಟ್ಟು, ಮಾಸ್ತರರು ಆ ಕಡೆಯಿಂದ ಗೋಡೆಗೆ ಕೈ ಇಟ್ಟರು, ನಾನು ಈ ಕಡೆ ಕುಣಿಗೆ ಇಳಿದು ಕೈ ಇಟ್ಟೆ. ಒಣಗಿತ್ತು. "ನನ್ನ ಕಾಲಿಗೆ ಇನ್ನ ಗತಿ ಏನು?" ಎಂದು ಹುಲ್ಲಪ್ಪ ಗೊಣಗಿದ. ಕುಣಿಯಲ್ಲಿ ಇರುವೆಯೂ ಕಾಣಲಿಲ್ಲ.

ಆಚೆ ಕಡೆ ಮಾಸ್ತರರು ಕೇಳುತ್ತಿದ್ದರು, "ಅವ್ವಾ, ಮೊಣಕಾಲು ಹೆಂಗದ? ಏನರೆ ಫರಕ ಆಗ್ಯದೇನು?"

"ಈಗೇನ್ ಹೇಳಲಿಕ್ಕಾಗತದಪಾ," ಎಂದಿತು ತುಳಸೀಬಾಯಿಯವರ ದನಿ, ನೀರು ಬೀಳುವ ಸಪ್ಪಳದ ನಡುವೆ. "ಇನ್ನೂ ಹದಿನಾರು ಅವ."